ತೆಪ್ಪದಾಟ ಬರೆದಿಟ್ಟ ಜಾಗ

ಆ ಮಾತು ಆಡಿದಾಗ ಕೋಣೆಯಲ್ಲಿ ಎಷ್ಟು ಜನ ಇದ್ದರು ಎಂಬುದು ನನಗೆ ಖಚಿತವಿಲ್ಲ. ಇಪ್ಪತ್ತು ಜನ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಆಗ ಅಲ್ಲಿ ಕಲಿಯುತ್ತಿದ್ದ, ಈಗ ತಿ. ನರಸೀಪುರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಒಬ್ಬರನ್ನು ಕೇಳಿದರೆ, ಎಂಟು ಹತ್ತು ಜನ ಇದ್ದಿರಬಹುದು ಅಷ್ಟೇ ಎನ್ನುತ್ತಾರೆ. ನಾನು ಕೂಗಾಡಿದೆ ಎಂದು ಅವರ ನೆನಪು. ತಣ್ಣಗೆ, ಲೆಕ್ಕದ ಮೇಷ್ಟರು ತಪ್ಪು ತೋರಿಸುವ ದನಿಯಲ್ಲಿ ಹೇಳಿದೆ ಎಂದು ನನ್ನದು. ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಎಮ್ಮೆಸ್ಸಿ ಓದಿದವನು. ಯಾವ ಅಳತೆಯನ್ನೂ ಮೂರು ಸಲ ತೆಗೆದುಕೊಂಡ ಮೇಲೆಯೇ ನಂಬಬೇಕು ಎಂದು ಕಲಿತವನು. ಈ ಘಟನೆಯನ್ನು ಮಾತ್ರ ಒಂದೇ ಸಲ, ಅದೂ ನನ್ನ ಕಡೆಯಿಂದ ಅಳೆದು ಇಟ್ಟುಬಿಟ್ಟಿದ್ದೆ. ಇಲ್ಲಿ ಬರೆಯುವುದರಲ್ಲಿ ಯಾವುದು ನಡೆದದ್ದು, ಯಾವುದು ಆಮೇಲೆ ನಾನು ಸೇರಿಸಿಕೊಂಡದ್ದು ಎಂದು ಪ್ರತಿ ಸಾಲಿಗೂ ಹೇಳಲಾರೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ತಿ. ನರಸೀಪುರದ ಬಸ್ ನಿಲ್ದಾಣದ ಹತ್ತಿರ, ಒಂದು ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಕಂಪ್ಯೂಟರ್ ಕಲಿಸುವ ಕೇಂದ್ರವಿತ್ತು. ಅಂಗಡಿಯವರೇ ಅದರ ಯಜಮಾನರು. ಯೂರಿಯಾದ ವಾಸನೆ ನಮ್ಮ ಜೊತೆಗೇ ಮೆಟ್ಟಿಲು ಹತ್ತಿ ಒಳಗೆ ಬರುತ್ತಿತ್ತು. ಐದು ಸಿಸ್ಟಮ್‌ಗಳಿದ್ದವು, ಬಣ್ಣದ ಪರದೆ ಇದ್ದದ್ದು ಒಂದಕ್ಕೇ. ಕಲಿಸುವವರು ಇಬ್ಬರು: ನಂಜನಗೂಡಿನಿಂದ ಬರುತ್ತಿದ್ದ ನಾನು, ಕಳಲೆಯಿಂದ ಬರುತ್ತಿದ್ದ ಅವನು.

ಅವನು ಪಿಯುಸಿ ಮುಗಿಸಿ ಆರು ತಿಂಗಳ ಕೋರ್ಸ್ ಮಾಡಿಕೊಂಡಿದ್ದವನು. ನನಗಿಂತ ಎರಡೋ ಮೂರೋ ವರ್ಷ ಚಿಕ್ಕವನು. ನನ್ನನ್ನು ‘ಸಾ’ ಎನ್ನುತ್ತಿದ್ದ. ನಾನು ಅವನನ್ನು ‘ಬಾರೋ’ ಎನ್ನುತ್ತಿದ್ದೆ, ಅದು ನನಗೆ ಸಹಜವೆನಿಸುತ್ತಿತ್ತು. ಬೆಳಿಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಸೈಕಲ್ ತುಳಿದು ನಂಜನಗೂಡಿಗೆ ಬಂದು, ಅಲ್ಲಿಂದ ಬಸ್ಸು ಹಿಡಿಯುತ್ತಿದ್ದ. ಹೀಗಾಗಿ ನನಗಿಂತ ಒಂದು ಬಸ್ಸು ಹಿಂದೆಯೇ ಇರುತ್ತಿದ್ದ. ಬೆಳಗಿನ ಮುಕ್ಕಾಲು ಗಂಟೆ ಕೇಂದ್ರದಲ್ಲಿ ನಾನೊಬ್ಬನೇ. ಈ ಮುಕ್ಕಾಲು ಗಂಟೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಆ ವರ್ಷ ಯಜಮಾನರು ನಂಜನಗೂಡಿನಲ್ಲಿ ಇನ್ನೊಂದು ಶಾಖೆ ತೆರೆಯಲು ಹೊರಟರು. ಒಂದು ಸಂಜೆ ನಮ್ಮಿಬ್ಬರನ್ನೂ ಗಲ್ಲಾದ ಹತ್ತಿರ ಕರೆಸಿ ಹೇಳಿದರು: “ನಿಮ್ಮಿಬ್ರಲ್ಲಿ ಒಬ್ರು ಅಲ್ಲಿ ಇನ್‌ಚಾರ್ಜು, ಇನ್ನೊಬ್ರು ಇಲ್ಲೇ. ಯಾರು ಅಂತ ಆಯುಧಪೂಜೆ ಕಳೀಲಿ, ಹೇಳ್ತೀನಿ. ಕಿತ್ತಾಡ್ಕೋಬೇಡಿ ಕಣ್ರಪ್ಪಾ.”

ನನಗೆ ಅದು ಮನೆಯಿಂದ ನಡೆದುಹೋಗುವ ದೂರದ ಕೆಲಸ, ಮೇಲೆ ಬಾಗಿಲಿಗೆ ನನ್ನ ಹೆಸರಿನ ಬೋರ್ಡು. ಅವನಿಗೆ ದಿನಕ್ಕೆ ಎರಡು ಬಸ್ಸಿನ ಓಡಾಟ ಉಳಿಯುತ್ತಿತ್ತು, ಹಸು ಬಿಡಬೇಕಾಗಿರಲಿಲ್ಲ. ಎಮ್ಮೆಸ್ಸಿ ಆದ ನನ್ನನ್ನು ಬಿಟ್ಟು ಅವನನ್ನು ಯಾರಾದರೂ ಆರಿಸಬಹುದು ಎಂಬ ಯೋಚನೆ ನನಗೆ ಬಂದೇ ಇರಲಿಲ್ಲ. ಅವನು ಆಟ ಬರೆಯುವವರೆಗೆ.

ಆಟದ ಹೆಸರು ತೆಪ್ಪ. ಪರದೆಯ ಎಡದಿಂದ ಕಪಿಲೆ, ಬಲದಿಂದ ಕಾವೇರಿ. ಎರಡೂ ಕೂಡುವ ಕಡೆ ತೆಪ್ಪ ತಿರುಗತೊಡಗುತ್ತದೆ. ಬಾಣದ ಗುರುತಿನ ಕೀಲಿಗಳನ್ನು ಒತ್ತಿ ಹುಟ್ಟು ಹಾಕುತ್ತ ಜನರನ್ನು ಆಚೆ ದಡಕ್ಕೆ ಮುಟ್ಟಿಸಬೇಕು, ತಲೆಗೆ ಐದು ಅಂಕ. ನಡುವೆ ಒಂದು ಮೇಕೆ ಹತ್ತಿಕೊಳ್ಳುತ್ತದೆ. ಮೇಕೆ ಎತ್ತ ನಿಂತರೆ ತೆಪ್ಪ ಅತ್ತ ವಾಲುತ್ತದೆ. ಮುಳುಗಿದರೆ ಪರದೆಯ ಮೇಲೆ ಕನ್ನಡದಲ್ಲಿ ‘ಓಯ್ತು ಕಣ್ಲಾ’ ಎಂದು ಬರುತ್ತಿತ್ತು. ಕನ್ನಡದಲ್ಲಿ! ಆ ಸಿಸ್ಟಮ್‌ಗಳಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಅವನು ಗ್ರಾಫ್ ಹಾಳೆಯಲ್ಲಿ ಚೌಕಕ್ಕೊಂದು ಚುಕ್ಕೆ ಇಟ್ಟು, ಬಸ್ಸಿನಲ್ಲಿ ಕುಳಿತು, ಅಕ್ಷರ ಬಿಡಿಸಿಕೊಂಡಿದ್ದ. ಅದೇ ಬಸ್ಸಿನಲ್ಲಿ ಸಂಜೆ ನಾನು ಪಕ್ಕದಲ್ಲೇ ಕೂರುತ್ತಿದ್ದೆ. ಏನೋ ರಂಗೋಲಿ ಹಾಕುತ್ತಿದ್ದಾನೆ ಎಂದುಕೊಂಡು ಕೇಳಿಯೂ ಇರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಬಣ್ಣದ ಸಿಸ್ಟಮ್ ಸುತ್ತ ಹುಡುಗರು, ಹುಡುಗಿಯರು ಮುತ್ತಿಕೊಳ್ಳತೊಡಗಿದರು. ನಾನು ಪಕ್ಕದ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದೆ. ಗೋಡೆಯಾಚೆಯಿಂದ ಮಾತು ಬರುತ್ತಿತ್ತು.

“ಮೇಕೆ ನೋಡ್ಲಾ, ಮೇಕೆ ನೋಡ್ಲಾ.”

“ನಿಮ್ಮಪ್ಪನ್ ಮೇಕೆ ಏನ್ಲಾ ಅದು, ಕರೆದ್ರೆ ಬರಕ್ಕೆ?”

“ಆರ್ನೂರು ಆಯ್ತು, ಸುಮ್ಕಿರ್‍ರೋ.”

ಆಮೇಲೆ ಮುಳುಗಿದ ಸದ್ದು, ಎಲ್ಲರ ನಗು, ನಗುವಿನ ಮಧ್ಯೆ ಅವನ ನಗು. ಅವನ ನಗುವನ್ನು ನಾನು ಬೇರೆ ಮಾಡಿ ಗುರುತಿಸಬಲ್ಲವನಾಗಿದ್ದೆ. ಮೊಸರನ್ನದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಡುತ್ತಿದ್ದೆ. ಯಜಮಾನರು ದಿನ ಬಿಟ್ಟು ದಿನ ಯಾರನ್ನಾದರೂ ಮೇಲೆ ಕರೆತಂದು, “ನಮ್ಮುಡ್ಗನೇ ಮಾಡಿರೋದು ಕಣ್ರೀ” ಎಂದು ಆಟ ತೋರಿಸುತ್ತಿದ್ದರು. ನನ್ನನ್ನು ಅವರು ಯಾವತ್ತೂ ‘ನಮ್ಮುಡ್ಗ’ ಅಂದಿರಲಿಲ್ಲ. ‘ಎಮ್ಮೆಸ್ಸಿ’ ಎನ್ನುತ್ತಿದ್ದರು. ಒಂದು ಕಾಲಕ್ಕೆ ಅದು ಗೌರವ ಎಂದುಕೊಂಡಿದ್ದೆ.

ನಾನೂ ಒಂದು ಆಟ ಬರೆದೆ. ಇದನ್ನು ಮರೆಯಲು ಪ್ರಯತ್ನಿಸಿ ಸೋತಿದ್ದೇನೆ, ಆದ್ದರಿಂದ ನಿಜವೇ ಇರಬೇಕು. ಚಂದ್ರನ ಮೇಲೆ ನೌಕೆ ಇಳಿಸುವ ಆಟ. ಗುರುತ್ವದ ಲೆಕ್ಕ ದಶಮಾಂಶದ ಮೂರು ಸ್ಥಾನದವರೆಗೆ ಸರಿಯಾಗಿತ್ತು. ಬಿಳಿಗೆರೆಯ ಕಡೆಯ ಒಬ್ಬ ಹುಡುಗಿ, ತರಗತಿಯಲ್ಲೆಲ್ಲ ಚುರುಕಿನವಳು, ಎರಡು ಸಲ ಆಡಿ, “ಚೆನ್ನಾಗದೆ ಸಾ” ಎಂದು ಎದ್ದುಹೋದಳು. ಹೋಗಿ ತೆಪ್ಪದ ಮುಂದೆ ನಿಂತಳು.

ಅಲ್ಲಿಂದ ಮುಂದೆ ನಾನು ಬೆಳಗಿನ ಆ ಮುಕ್ಕಾಲು ಗಂಟೆ ಬಾಗಿಲು ಮುಚ್ಚಿಕೊಂಡು ತೆಪ್ಪ ಆಡತೊಡಗಿದೆ. ಮಕ್ಕಳ ಮಧ್ಯೆ ಕೂತು ಆಡುವುದು ನನ್ನಂಥವನಿಗೆ ಸರಿಯಲ್ಲ ಎಂದು ಕಾರಣ ಕೊಟ್ಟುಕೊಂಡಿದ್ದೆ. ಆಟದ ಕೊನೆಗೆ ಐದು ಸಾಲಿನ ಪಟ್ಟಿ ಬರುತ್ತಿತ್ತು, ಸಾಲಿಗೆ ಮೂರು ಅಕ್ಷರ, ಮುಂದೆ ಅಂಕ. ಮೇಲಿನ ಸಾಲು ಅವನದು, 500. ಕೆಳಗೆ ಬೇರೆ ಬೇರೆ ಅಕ್ಷರಗಳಲ್ಲಿ 400, 300, 200, 100. ಇಷ್ಟು ದುಂಡಾದ ಸಂಖ್ಯೆಗಳನ್ನು ಪ್ರಯೋಗಶಾಲೆಯಲ್ಲಿ ಯಾರಾದರೂ ಬರೆದು ತಂದಿದ್ದರೆ ನಾನು ಹಾಳೆ ಹರಿದು ಹಾಕುತ್ತಿದ್ದೆ. ಅಲ್ಲಿ ಅನುಮಾನವೇ ಬರಲಿಲ್ಲ. ಹುಡುಗರು ಆರುನೂರು ಎಂದು ಕೂಗುವುದನ್ನು ಸುಮ್ಮನೆ ಬಡಾಯಿ ಎಂದುಕೊಂಡೆ. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಆ 500 ಒಂದೇ.

ಎಷ್ಟೋ ಬೆಳಗಿನ ನಂತರ 385 ಬಂತು. ಮೂರನೆಯ ಸಾಲು. ಅದಕ್ಕಿಂತ ಮೇಲೆ ಹೋಗಲು ನನ್ನಿಂದ ಆಗಲಿಲ್ಲ. ಮೇಕೆ ಬಿಡುತ್ತಿರಲಿಲ್ಲ.

ಆಗ ಹೊಳೆದದ್ದು: ಸಿಸ್ಟಮ್ ಆರಿಸಿ ಹಾಕಿದರೂ ಪಟ್ಟಿ ಉಳಿದಿರುತ್ತದೆ, ಅಂದ ಮೇಲೆ ಎಲ್ಲೋ ಒಂದು ಫೈಲಿನಲ್ಲಿ ಬರೆದಿಟ್ಟಿರಲೇಬೇಕು. ಅದನ್ನು ಹುಡುಕಬೇಕು. ಮೊದಲು ಕುತೂಹಲ ಎಂದು ಹೆಸರಿಟ್ಟುಕೊಂಡೆ.

ಆಟದ ಫೋಲ್ಡರ್‌ನಲ್ಲಿ ಆಟ ಬಿಟ್ಟರೆ ಏನೂ ಇರಲಿಲ್ಲ. ಅವನ ಫೋಲ್ಡರ್‌ನಲ್ಲಿ ಪ್ರೋಗ್ರಾಂ ಇತ್ತು, ಅಂಕಗಳು ಇರಲಿಲ್ಲ. ಪ್ರೋಗ್ರಾಂ ತೆರೆದು ಓದಿದ್ದರೆ ಅರ್ಧ ಗಂಟೆಯಲ್ಲಿ ತಿಳಿಯುತ್ತಿತ್ತು. ಆದರೆ ಅವನು ಬರೆದದ್ದನ್ನು ಕೂತು ಓದಿ ಅರ್ಥ ಮಾಡಿಕೊಳ್ಳುವುದೆಂದರೆ ಅವನ ಹತ್ತಿರ ಪಾಠ ಹೇಳಿಸಿಕೊಂಡ ಹಾಗೆ ಎನಿಸಿತು. ಹೊಸದಾಗಿ ಬದಲಾದ ಫೈಲ್ ಯಾವುದು ಎಂದು ತಾರೀಖಿನ ಮೇಲೆ ಹುಡುಕೋಣವೆಂದರೆ, ಆ ಸಿಸ್ಟಮ್‌ನ ಒಳಗಿನ ಬ್ಯಾಟರಿ ಸತ್ತು ಬಹಳ ಕಾಲವಾಗಿತ್ತು. ಪ್ರತಿ ಬೆಳಿಗ್ಗೆ ಅದು ಎಂಬತ್ತನೇ ಇಸವಿ ಜನವರಿ ಒಂದಕ್ಕೆ ಏಳುತ್ತಿತ್ತು. ಎಲ್ಲರೂ ಎಂಟರ್ ಒತ್ತಿ ಮುಂದಕ್ಕೆ ಹೋಗುತ್ತಿದ್ದೆವು. ಅಲ್ಲಿನ ಎಲ್ಲ ಫೈಲುಗಳಿಗೂ ಒಂದೇ ಹುಟ್ಟುಹಬ್ಬ.

ಕೊನೆಗೆ ಆಡುವ ಮೊದಲು ಒಂದೊಂದು ಫೋಲ್ಡರ್‌ನ ಫೈಲುಗಳ ಅಳತೆಯನ್ನು ಕಾಗದದಲ್ಲಿ ಬರೆದುಕೊಂಡೆ, ಆಡಿದ ಮೇಲೆ ಮತ್ತೆ ಹೋಲಿಸಿದೆ. ಒಂದು ವಾರ ಹಿಡಿಯಿತು. ಎಲ್ಲ ಕಡೆ ನೋಡಿ ಆದ ಮೇಲೆ ನೋಡಿದ್ದು ನನ್ನ ಸ್ವಂತ ಫೋಲ್ಡರ್. ಅಲ್ಲಿ ನಾನು ಇಡದ ಒಂದು ಫೈಲ್ ಇತ್ತು. ಹೆಸರು, ಇಂಗ್ಲಿಷ್ ಅಕ್ಷರಗಳಲ್ಲಿ, ‘ದಡ’.

ಇಲ್ಲಿ ನಮ್ಮ ಕೇಂದ್ರದ ಒಂದು ಪದ್ಧತಿ ಹೇಳಬೇಕು. ಸಿಸ್ಟಮ್ ಹಾಕಿದ ಕೂಡಲೇ ಒಂದು ಸಂಖ್ಯೆ ಕೇಳುತ್ತಿತ್ತು. ಒಂದು ಒತ್ತಿದರೆ ವಿದ್ಯಾರ್ಥಿಗಳ ಫೋಲ್ಡರ್, ಎರಡು ಒತ್ತಿದರೆ ನನ್ನದು, ಮೂರಕ್ಕೆ ಅವನದು. ಅವರವರು ಅವರವರ ಜಾಗದಲ್ಲೇ ಇರಬೇಕು ಎಂದು ಯಜಮಾನರ ಕಟ್ಟಪ್ಪಣೆ. ವಿದ್ಯಾರ್ಥಿಗಳ ಅಂಕಪಟ್ಟಿಗಳು ನನ್ನ ಫೋಲ್ಡರ್‌ನಲ್ಲಿ ಇರುತ್ತಿದ್ದವು. ಆಟವನ್ನು ಮಾತ್ರ ಯಾವ ಫೋಲ್ಡರ್‌ನಲ್ಲಿ ನಿಂತು ಕರೆದರೂ ಓಡಿಬರುವ ಹಾಗೆ ಅವನು ಮಾಡಿಟ್ಟಿದ್ದ.

ನನ್ನ ಫೋಲ್ಡರ್‌ನಲ್ಲಿ ಅವನ ಫೈಲ್ ಏಕೆ ಇದೆ ಎಂದು ನಾನು ಕೇಳಿಕೊಂಡೆ. ಉತ್ತರವೂ ತಕ್ಷಣ ಸಿಕ್ಕಿತು: ವಿದ್ಯಾರ್ಥಿಗಳು ಕೈ ಹಾಕದ ಜಾಗವೆಂದು ನನ್ನ ಫೋಲ್ಡರ್‌ನಲ್ಲೇ ಅಡಗಿಸಿಟ್ಟಿದ್ದಾನೆ. ಎಷ್ಟು ಜಾಣ! ಏನಾದರೂ ಎಡವಟ್ಟಾದರೆ ಬೆರಳು ನನ್ನ ಕಡೆ. ಹೊಟ್ಟೆಯುರಿಯುವವನ ತರ್ಕ ಎಷ್ಟು ವೇಗವಾಗಿ ಓಡುತ್ತದೆಂದರೆ, ದಾರಿಯಲ್ಲಿ ಸಿಗುವ ಸರಳವಾದ ಕಾರಣ ಅದರ ಕಣ್ಣಿಗೇ ಬೀಳುವುದಿಲ್ಲ.

ಪ್ರೋಗ್ರಾಂ ಬರೆಯಲು ಬಳಸುತ್ತಿದ್ದ ಎಡಿಟರ್‌ನಲ್ಲೇ ‘ದಡ’ವನ್ನು ತೆರೆದೆ. ಐದು ಸಾಲು, ಮೂರನೆಯದು ನನ್ನದು. 385 ಅಳಿಸಿ 505 ಎಂದು ಬರೆದೆ. ಸಾಲನ್ನು ಎತ್ತಿ ಮೇಲೆ ಕೂರಿಸಿದೆ. ಉಳಿಸಿ ಹೊರಬಂದು ಆಟ ತೆರೆದು ನೋಡಿದೆ. ಅವನ ತಲೆಯ ಮೇಲೆ ನಾನು. ಐದೇ ಅಂಕ ಹೆಚ್ಚು. ಹೆಚ್ಚು ಹಾಕಿದರೆ ಯಾರೂ ನಂಬುವುದಿಲ್ಲ ಎಂಬಷ್ಟು ವಿವೇಕ ಇನ್ನೂ ಉಳಿದಿತ್ತು.

ಅದು ಆಯುಧಪೂಜೆಯ ಹಿಂದಿನ ದಿನ.

ಮಾರನೆಯ ದಿನ ಐದೂ ಸಿಸ್ಟಮ್‌ಗಳಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿದ್ದರು. ಮೆಟ್ಟಿಲ ಬಳಿ ಬೂದುಗುಂಬಳ ಒಡೆದಿತ್ತು. ಯಜಮಾನರ ಕಡೆಯ ನಾಲ್ಕು ಜನ, ಕೆಲವು ವಿದ್ಯಾರ್ಥಿಗಳು, ಎಲ್ಲರ ಕೈಯಲ್ಲೂ ಕಡಲೆಪುರಿ. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ಅಥವಾ ನನಗೆ ಹಾಗೆ ನೆನಪು. ಅವನೇ ಒಂದನ್ನು ಒತ್ತಿ ಆಟ ತೆರೆದ. ಬಿಳಿಗೆರೆಯ ಹುಡುಗಿ ಆಡಿ ತೋರಿಸಿದಳು. ಮೇಕೆ ಬಂದಾಗ ನೆಂಟರೆಲ್ಲ ನಕ್ಕರು. ನಾನು ಕಾದೆ.

“ಪಟ್ಟಿ ತೋರ್‍ಸವ್ವಾ, ಯಾರು ಫಸ್ಟು ನೋಡಾನ” ಎಂದರು ಯಜಮಾನರು.

ಪಟ್ಟಿ ಬಂತು. ಮೊದಲು ಅವಳೇ, 645. ಆಮೇಲೆ ಮೂವರು ಹುಡುಗರು. ಐದನೆಯ ಸಾಲು ಅವನದು, ಅದೇ 500. ನನ್ನ ಸಾಲು ಇರಲಿಲ್ಲ.

“ನಮ್ಮ ಎಮ್ಮೆಸ್ಸಿ ಇಲ್ವೇನ್ರಪ್ಪಾ ಇದ್ರಲ್ಲಿ?” ಯಜಮಾನರು ತಮಾಷೆಗೆ ಕೇಳಿದರು. ಯಾರೋ ಕಿಸಕ್ಕೆಂದರು.

“ಇದ್ದೆ. ನೆನ್ನೆವರೆಗೂ ಇದ್ದೆ. ತೆಗೆದಿದ್ದಾರೆ” ಎಂದೆ.

“ಯಾರ್‍ರೀ ತೆಗ್ಯೋರು?”

“ಬರೆದವನನ್ನೇ ಕೇಳಿ. ನನ್ನದು ಐನೂರ ಐದು, ಅವನ ಐನೂರರ ಮೇಲಿತ್ತು. ಅದೊಂದೇ ಹೋಗಿದೆ.”

ಅವನು ನನ್ನ ಕಡೆ ತಿರುಗಿದ. “ನಾನ್ ಮುಟ್ಟಿಲ್ಲ ಸಾ. ಐನೂರೈದಾ? ಯಾವಾಗ್ ಆಡುದ್ರಿ?” ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅವನಿಗೆ ಖುಷಿಯಾದಂತೆಯೇ ಕೇಳಿಸಿತು ಎಂದು ಈಗ ಅನಿಸುತ್ತದೆ, ಆದರೆ ಇದು ಈಗ ಅನಿಸುವುದು.

“ನೀವ್ ಆಡಿದ್ದು ನಾವ್ಯಾರೂ ನೋಡೇ ಇಲ್ವಲ್ಲ ಸಾ” ಎಂದಳು ಹುಡುಗಿ.

ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಯಜಮಾನರಿಗೆ ಹೇಳಿದೆ: “ಆಟದ ಪಟ್ಟೀನೇ ತಿದ್ದೋನು ನಾಳೆ ಮಾರ್ಕ್ಸ್ ಪಟ್ಟಿ ತಿದ್ದಲ್ಲ ಅಂತ ಏನ್ ಗ್ಯಾರಂಟಿ? ಒಂದ್ ಶಾಖೆ ಪೂರ್ತಿ ಇವನ ಕೈಗೆ ಕೊಡೋಕೆ ಮುಂಚೆ ಯೋಚ್ನೆ ಮಾಡಿ.”

ಆ ಮಾತು ಇದು. ಜೆರಾಕ್ಸ್ ಅಂಗಡಿಯವರಿಗೂ ನನಗೂ ಮಾತಿನ ಬಗ್ಗೆ ತಕರಾರಿಲ್ಲ, ದನಿಯ ಬಗ್ಗೆ ಮಾತ್ರ. ಯಜಮಾನರು ನೆಂಟರ ಮುಂದೆ ಮುಖ ಸಣ್ಣದು ಮಾಡಿಕೊಂಡು, “ಆಯ್ತು, ಪುರಿ ತಿನ್ರಿ ಎಲ್ಲಾ” ಎಂದರು. ಅವನು, “ನೋಡ್ತೀನಿ ಸಾ” ಎಂದ. ಅಷ್ಟೇ.

ಎರಡು ದಿನ ಬಿಟ್ಟು ಸಂಜೆಯ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತ. ಎರಡೇ ದಿನವೋ ನಾಲ್ಕೋ, ಗೊತ್ತಿಲ್ಲ. ಯಜಮಾನರು ತೀರ್ಮಾನ ಹೇಳುವ ಮೊದಲು ಎಂಬುದು ಮಾತ್ರ ಗೊತ್ತು.

“ತಪ್ಪು ನಂದೇ ಸಾ. ಫೈಲಿಗೆ ಹೆಸ್ರು ಕೊಟ್ಟಿದ್ದೆ, ಜಾಗ ಕೊಟ್ಟಿರ್ನಿಲ್ಲ. ಯಾವ್ ಫೋಲ್ಡರ್‌ನಲ್ಲಿ ನಿಂತ್ಕೊಂಡು ಆಟ ಸುರು ಮಾಡ್ತಾರೋ ಅಲ್ಲೇ ಬರ್ಕೊಂಡ್ಬುಡ್ತಿತ್ತು. ಹುಡುಗ್ರು ಆಡಿದ್ದು ಅವ್ರದ್ರಲ್ಲಿ ಅದೆ, ನಿಮ್ದು ನಿಮ್ದ್ರಲ್ಲೇ ಅದೆ.”

ನಾನು ಕಿಟಕಿಯ ಕಡೆ ನೋಡುತ್ತ ಕೇಳಿದೆ: “ಮತ್ತೆ ನಿನ್ನ ಐನೂರು ಎರಡು ಕಡೇನೂ ಹೆಂಗ್ ಬಂತು?”

“ಅದು ಸುಮ್ಕೆ ಹಾಕಿದ್ದು ಸಾ. ಹೊಸ್ದಾಗಿ ಆಡೋರಿಗೆ ಪಟ್ಟಿ ಖಾಲಿ ಕಂಡ್ರೆ ಚೆನ್ನಾಗಿರಲ್ವಲ್ಲ, ಅದ್ಕೆ ಐದು ಹೆಸ್ರು ನಾನೇ ತುಂಬಿದ್ದೆ. ನಾನು ಒಂದ್ಸಲಾನೂ ಮುನ್ನೂರು ದಾಟಿಲ್ಲ.” ನಕ್ಕ. “ಆ ಮೇಕೆ ನಂಗೇ ಬಗ್ಗಲ್ಲ.”

ಇಷ್ಟು ದಿನ ನಾನು ಬೆನ್ನು ಹತ್ತಿದ್ದದ್ದು ಅವನು ಗಳಿಸಿಯೇ ಇರದ ಒಂದು ಸಂಖ್ಯೆಯನ್ನು. ಅದು ತಿಳಿದ ಮೇಲೆ ಹೊಟ್ಟೆಯುರಿ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ತಾನು ಮಾಡಿದ ಆಟದಲ್ಲೇ ತಾನು ಸೋಲುತ್ತೇನೆ ಎಂದು ಇಷ್ಟು ಹಗುರಾಗಿ ಹೇಳಬಲ್ಲನಲ್ಲ ಎಂದು ಇನ್ನೂ ಹೆಚ್ಚಾಯಿತು.

“ಎಲ್ಲಾರ್ದೂ ಒಂದೇ ಕಡೆ ಸೇರುಸ್ತೀನಿ” ಎಂದ. ನಂಜನಗೂಡು ಹತ್ತಿರವಾದಾಗ, ಚೀಲ ಹೆಗಲಿಗೆ ಹಾಕಿಕೊಳ್ಳುತ್ತ, “ಯಜಮಾನ್ರಿಗೆ ನೀವೇ ಒಂದ್ಮಾತು ಹೇಳ್ಬುಡಿ ಸಾ” ಎಂದ.

“ಹೇಳ್ತೀನಿ” ಎಂದೆ.

ಹೇಳಲಿಲ್ಲ. ನಾಳೆ ಹೇಳೋಣ ಎಂದು ಮೂರು ನಾಲ್ಕು ಸಲ ಗಲ್ಲಾದವರೆಗೆ ಹೋದ ನೆನಪಿದೆ, ಆದರೆ ಅದು ನನಗೆ ನಾನೇ ಕೊಟ್ಟುಕೊಂಡ ಸಮಾಧಾನವೂ ಇರಬಹುದು. ಆ ವಾರದ ಕೊನೆಗೆ ಯಜಮಾನರು ನಂಜನಗೂಡಿನ ಬೀಗದ ಕೈಯನ್ನು ನನಗೆ ಕೊಟ್ಟರು. “ಮಾರ್ಕ್ಸ್ ಪಟ್ಟಿ ಇರೋ ಜಾಗ, ಯಾಕ್ ಬೇಕು ಗುಮಾನಿ” ಎಂದರು. ಅವನು ಅಲ್ಲೇ ನಿಂತಿದ್ದ. “ಒಳ್ಳೇದಾಯ್ತು ಸಾ, ನಿಮ್ಗೆ ಮನೆ ಅತ್ರ” ಎಂದ. ಇನ್ನೂ ಒಂದು ವರ್ಷ ಅದೇ ಬಸ್ಸಿನಲ್ಲಿ ಓಡಾಡಿ, ಆಮೇಲೆ ತಾಲ್ಲೂಕು ಕಚೇರಿಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸಕ್ಕೆ ಸೇರಿದ ಎಂದು ಕೇಳಿದೆ. ಹಸುಗಳನ್ನು ಮಾರಿದ ಎಂದೂ.

ಮುಂದಿನ ವರ್ಷಗಳಲ್ಲಿ ಈ ಕಥೆಗೆ ನಾನು ಒಂದು ರೂಪ ಕೊಟ್ಟುಕೊಂಡೆ. ಅವನ ಪ್ರೋಗ್ರಾಂನಲ್ಲಿ ನಿಜಕ್ಕೂ ತಪ್ಪಿತ್ತು, ಅವನೇ ಒಪ್ಪಿದ. ಪಟ್ಟಿ ಮಾಯವಾದಾಗ ಯಾರಿಗಾದರೂ ಅನುಮಾನ ಬರುವುದು ಸಹಜ. 505ರ ಸಂಗತಿ ನನ್ನೊಬ್ಬನಿಗೇ ಗೊತ್ತು. ನಾನು ನಿಜಕ್ಕೂ 505 ಗಳಿಸಿದ್ದೆನೇನೋ ಎಂದು ಅನುಮಾನ ಪಡುವಷ್ಟು ದೂರವೂ ಹೋದೆ. ಬಸ್ ನಿಲ್ದಾಣದಲ್ಲಿ ಅವನು ಅಪರೂಪಕ್ಕೆ ಸಿಕ್ಕಾಗ, “ಚೆನ್ನಾಗಿದ್ದೀರಾ ಸಾ” ಎನ್ನುವಾಗ, ಅವನಿಗೆ ಗೊತ್ತಿಲ್ಲ ಎಂಬ ಧೈರ್ಯದಲ್ಲೇ ನಾನು ನಗುತ್ತಿದ್ದೆ.

ಎರಡು ಸಾವಿರದ ನಂತರದ ಯಾವುದೋ ವರ್ಷ, ತಿ. ನರಸೀಪುರದ ಕೇಂದ್ರ ಮುಚ್ಚಿ ಹಳೆಯ ಸಿಸ್ಟಮ್‌ಗಳು ನಂಜನಗೂಡಿನ ನಮ್ಮ ಅಟ್ಟ ಸೇರಿದ್ದವು. ಹಳೆಯ ವಿದ್ಯಾರ್ಥಿಯೊಬ್ಬರು, ಅದೇ ಜೆರಾಕ್ಸ್ ಅಂಗಡಿಯವರು, ಕಳೆದುಹೋದ ಸರ್ಟಿಫಿಕೇಟಿನ ನಕಲು ಕೇಳಿಕೊಂಡು ಬಂದರು. ಅವರ ಅಂಕಗಳಿಗಾಗಿ ಆ ಬಣ್ಣದ ಸಿಸ್ಟಮ್‌ನ ಹಾರ್ಡ್ ಡಿಸ್ಕ್ ಬಿಚ್ಚಿ ಹೊಸದಕ್ಕೆ ಜೋಡಿಸಿದೆ. ನನ್ನ ಫೋಲ್ಡರ್‌ನಲ್ಲಿ ಅಂಕಪಟ್ಟಿ ಸಿಕ್ಕಿತು. ಅದರ ಕೆಳಗೆ ‘ದಡ’ ಎಂಬ ಹೆಸರಿನ ಫೈಲುಗಳು ಎರಡಿದ್ದವು, ಚುಕ್ಕೆಯ ನಂತರದ ಬಾಲ ಮಾತ್ರ ಬೇರೆ. ಒಂದರಲ್ಲಿ 505. ಇನ್ನೊಂದು, ನಾನು ತಿದ್ದುವ ಮೊದಲಿನ ಪ್ರತಿ. ತಿದ್ದಿ ಉಳಿಸಿದಾಗಲೆಲ್ಲ ಹಳೆಯದರ ಒಂದು ಪ್ರತಿಯನ್ನು ಆ ಎಡಿಟರ್ ತಾನಾಗಿಯೇ ಪಕ್ಕದಲ್ಲಿ ಇಡುತ್ತದೆ. ಇದನ್ನು ಪ್ರತಿ ತಂಡದ ವಿದ್ಯಾರ್ಥಿಗಳಿಗೂ ಮೊದಲ ವಾರವೇ ಹೇಳಿಕೊಡುತ್ತಿದ್ದವನು ನಾನೇ. ಅದರಲ್ಲಿ 385.

ಆಮೇಲೆ ಆಟದ ಫೋಲ್ಡರ್ ತೆರೆದೆ. ಹಿಂದೆ ಖಾಲಿ ಇದ್ದ ಕಡೆ ಈಗ ಇನ್ನೊಂದು ‘ದಡ’ ಇತ್ತು. ಬಸ್ಸಿನಲ್ಲಿ ಹೇಳಿದ ಹಾಗೆ ಅವನು ಎಲ್ಲರದನ್ನೂ ಒಂದೇ ಕಡೆ ಸೇರಿಸಿದ್ದ. ಪಟ್ಟಿಯನ್ನು ಹತ್ತು ಸಾಲಿಗೆ ಹಿಗ್ಗಿಸಿದ್ದ, ತಾನು ತುಂಬಿದ್ದ ಐದು ಹೆಸರುಗಳನ್ನು ತೆಗೆದುಹಾಕಿದ್ದ. ಯಾವಾಗ ಸೇರಿಸಿದ, ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂರುವ ಮೊದಲೋ ಆಮೇಲೋ ಎಂದು ತಿಳಿಯುವ ದಾರಿಯಿಲ್ಲ. ಅದರ ತಾರೀಖೂ ಎಂಬತ್ತನೇ ಇಸವಿಯ ಜನವರಿ ಒಂದು. ಯಜಮಾನರಿಗೆ ತಾನೇ ಹೋಗಿ ಏಕೆ ಹೇಳಲಿಲ್ಲ ಎಂಬುದನ್ನು ಮಾತ್ರ ಆ ಹೊತ್ತಿಗೆ ನಾನು ಊಹಿಸಬಲ್ಲವನಾಗಿದ್ದೆ. ಹೇಳಿದ್ದರೆ ನನ್ನ ಫೋಲ್ಡರ್ ತೆರೆದು ತೋರಿಸಬೇಕಾಗುತ್ತಿತ್ತು.

ಹತ್ತು ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಓದಿದೆ. ಮುಚ್ಚಿ, ಮತ್ತೆ ತೆರೆದು ಓದಿದೆ. ಮೂರನೆಯ ಸಲ ಜೆರಾಕ್ಸ್ ಅಂಗಡಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏಕೆಂದು ಹೇಳದೆ, ಅವರಿಂದ ಗಟ್ಟಿಯಾಗಿ ಓದಿಸಿದೆ. ಏಳನೆಯ ಸಾಲಿನಲ್ಲಿ ನನ್ನ ಮೂರು ಅಕ್ಷರಗಳು, ಮುಂದೆ 385.